ಬಂಪರಿನ ಮೇಲೆ ಮೂರು ಬೆರಳು ವಿಭೂತಿ

ನಮ್ಮ ಮನೆತನದಲ್ಲಿ ಸಣ್ಣ ಕೆಲಸ ಅನ್ನುವುದೇ ಇಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತುಹೋದರೂ ಅದನ್ನು ಎಲ್ಲಿ ಹೊಲಿಸಬೇಕು ಎಂದು ಹರಿಹರಕ್ಕೂ ದಾವಣಗೆರೆಗೂ ಫೋನು ಓಡಾಡುತ್ತದೆ. ಇಂಥ ಮನೆಯಲ್ಲಿ ಕಾರಿನ ಬಂಪರ್ ಗೀರಿದರೆ ಏನೇನಾಗಬಹುದು ಎಂದು ನೀವೇ ಊಹಿಸಿ. ನಗು ಬರುವಂಥದ್ದೇ ಆಗುತ್ತದೆ, ಈ ಸಲವೂ ಆಯಿತು. ಆದರೆ ಈ ಸಲ ಅದು ಪೂರ್ತಿ ನಗುವಂಥದ್ದಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರು ನಮ್ಮ ಅಣ್ಣನದು. ಅಣ್ಣ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಈಗಲೂ ಅಲ್ಲೇ ಮನೆ. ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿರುವ ಹೈಸ್ಕೂಲ್ ಮೇಷ್ಟ್ರು. ಅಪ್ಪ ಬೇಗ ತೀರಿಹೋದ ಮೇಲೆ ನನ್ನನ್ನು ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅಣ್ಣ. ಸೈಕಲ್ ಹೋಗಿ ಸ್ಕೂಟರ್ ಬಂತು, ಸ್ಕೂಟರ್ ಹೋಗಿ ಕಾರು ಬಂತು, ಓಡಿಸುವವನು ಮಾತ್ರ ಯಾವತ್ತೂ ಅವನೇ. ಉಳಿದವರೆಲ್ಲ ಕೂತು ಮಾತಾಡುವವರು. ನಾನು ಕಾರು ಕಲಿತಿದ್ದೇ ತಡವಾಗಿ, ಕಲಿಸಿದವನೂ ಅವನೇ. ಹೇಗೆ ಕಲಿತೆ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ.

ಡಾಕ್ಟರು ಹೇಳಿದ್ದು

ಒಂದು ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಯಾವಾಗಲೂ ಬೀದಿಗೆಲ್ಲ ಕೇಳುವಂತೆ ಮಾತಾಡುವವರು ಅವತ್ತು ದನಿ ತಗ್ಗಿಸಿದ್ದರು.

"ನಿಮ್ಮಣ್ಣಾರ ಕಣ್ಣು ತೋರಿಸ್ಕೊಂಡು ಬಂದ್ವಪ್ಪಾ. ಕಣ್ಣಿನ ನರ ಒಣಗ್ತಾ ಐತಂತೆ. ಎದುರಿಗೆ ಇರೋದು ಕಾಣ್ತೈತೆ, ಪಕ್ಕದಾಗ ಇರೋದು ಕಾಣಲ್ಲಂತೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು, ಅಷ್ಟೆ ಅಂದ್ರು."

"ಮತ್ತೆ ಕಾರು?" ಅಂದೆ.

"ಡಾಕ್ಟ್ರು ಕಡ್ಡಿ ಮುರಿದಂಗೆ ಹೇಳಿದ್ರು. ಇನ್ಮ್ಯಾಲೆ ಗಾಡಿ ಓಡಿಸಬ್ಯಾಡ್ರಿ ಅಂತ."

"ಅಣ್ಣ ಏನಂದ?"

"ಆತ್ರಿ ಸಾರ್ ಅಂದ್ರು. ಹೊರಗೆ ಬಂದು, ಕಾರು ಓಡಿಸ್ಕೊಂಡೇ ನನ್ನ ಮನೆಗೆ ಕರ್ಕಂಡು ಬಂದ್ರು."

ಅತ್ತಿಗೆಯ ಉಪಾಯ

ಹಾಗೆ ಬಂದವನು ಮನೆಯ ಗೇಟಿನ ಕಂಬಕ್ಕೆ ಬಂಪರಿನ ಬಲಮೂಲೆಯನ್ನು ಉಜ್ಜಿಬಿಟ್ಟಿದ್ದ. ಬೂದು ಬಣ್ಣದ ಕಾರು. ಬಣ್ಣ ಎದ್ದುಬಂದು ಒಳಗಿನ ಕಪ್ಪು ಪ್ಲಾಸ್ಟಿಕ್ಕು ಮೊಳದುದ್ದ ಕಾಣುತ್ತಿತ್ತು. ಎದುರು ಮನೆಯವರು ನೋಡಿದ್ದರು. ಅಣ್ಣನಿಗೆ ಕಣ್ಣಿನ ವಿಷಯಕ್ಕಿಂತ ಅದೇ ದೊಡ್ಡದಾಗಿತ್ತು. ಬಣ್ಣ ಹಾಕಿಸುವ ತನಕ ಕಾರು ಹೊರಗೆ ತೆಗೆಯುವುದಿಲ್ಲ, ಗೀರು ಇಟ್ಟುಕೊಂಡು ಊರಲ್ಲಿ ಓಡಾಡುವುದು ನಾಚಿಕೆಗೇಡು ಎಂದು ಕೂತುಬಿಟ್ಟಿದ್ದ.

ಭಾನುವಾರ ಹೋದಾಗ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ರೊಟ್ಟಿ ತಟ್ಟುತ್ತಲೇ ಹೇಳಿದರು. "ದೇವರು ಕೊಟ್ಟ ಗೀರು ಅದು. ನೀನು ಒಳ್ಳೆ ಪೇಂಟರ್ ಹುಡುಕ್ತೀನಿ ಅಂತ ವಾರಾವಾರ ಬಾ. ಇವರನ್ನ ಪಕ್ಕಕ್ಕೆ ಕೂರಿಸ್ಕಂಡು ನೀನೇ ಗಾಡಿ ಹೊಡಿ. ಊರೆಲ್ಲಾ ಸುತ್ತು. ಆದ್ರೆ ಪೇಂಟರ್ ಸಿಗಬಾರ್ದು."

"ಎಲ್ಲೀವರೆಗೆ ಅತ್ತಿಗೆ?"

"ಅವ್ರಾಗೇ ಕೀಲಿ ಬಿಡೋವರೆಗೆ. ಬ್ಯಾಡ ಅಂತ ಅವರಿಗೆ ನಾನು ಹೇಳ್ಲಾ? ನೀನು ಹೇಳ್ತೀಯಾ?"

ಅಣ್ಣನಿಗೆ ಬೇಡ ಅಂದವರು ನಮ್ಮ ಮನೆಯಲ್ಲಿ ಇಲ್ಲ. ಅಮ್ಮ ಕೂಡ ಅಂದವಳಲ್ಲ. ನಾನು ತಲೆಯಾಡಿಸಿ ರೊಟ್ಟಿ ತಿಂದೆ. ಹೀಗೆ ದಾವಣಗೆರೆ ಜಿಲ್ಲೆಯಲ್ಲಿ ಪೇಂಟರ್ ಸಿಗದಿರಲಿ ಎಂದು ಪೇಂಟರ್ ಹುಡುಕಲು ಹೊರಟ ಮೊದಲ ಮನುಷ್ಯ ನಾನಾದೆ.

ಕಾರಿಗೆ ವಿಭೂತಿ

ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ, ಅದೇ ಮೂರು ಬೆರಳಲ್ಲಿ ಕಾರಿನ ಮೂತಿಗೂ ಒಂದು ಸಲ ಎಳೆಯುವುದು ಅಣ್ಣನ ಪದ್ಧತಿ. ಆ ಭಾನುವಾರ ನೋಡುತ್ತೇನೆ, ವಿಭೂತಿ ಬಂಪರಿನ ಎಡಮೂಲೆಯಿಂದ ಶುರುವಾಗಿ ಚಕ್ರದ ತನಕ ಹೋಗಿದೆ. ಗೋಡೆಗೆ ಸುಣ್ಣ ಬಳಿದಷ್ಟು ದಪ್ಪ.

ಅಣ್ಣ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ. "ಲೇ, ಇಲ್ಲೂ ಒಂದೆರಡು ಗೀರು ಅದಾವೆ. ಸಂತೆ ದಿನ ತಾಗಿದ್ದು. ಮ್ಯಾಲೆ ವಿಭೂತಿ ಹಚ್ಚೀನಿ. ನಿಮ್ಮತ್ತಿಗೆ ಮುಂದೆ ಬಾಯಿ ಬಿಡಬ್ಯಾಡ."

ಕೈತೊಳೆಯಲು ಹಿತ್ತಲಿಗೆ ಹೋದರೆ ಅತ್ತಿಗೆ ಹಿಂದೆಯೇ ಬಂದರು. "ಎಡಗಡೆ ಗೀರು ನೋಡಿದ್ಯಾ? ಒಂದೆರಡಲ್ಲ, ಭಾಳ ಅದಾವೆ. ಎಷ್ಟೋ ಅವರಿಗೆ ಗೊತ್ತೇ ಇಲ್ಲ. ಅವರು ಎದ್ದುಹೋದ ಮ್ಯಾಲೆ ಉಳಿದಿದ್ದಕ್ಕೆ ನಾನು ವಿಭೂತಿ ಹಚ್ತೀನಿ. ನಿಮ್ಮಣ್ಣಾರ ಮುಂದೆ ಬಾಯಿ ಬಿಡಬ್ಯಾಡ."

ಇಬ್ಬರಿಗೂ ಆಯಿತು ಅಂದೆ. ಮದುವೆಯಾಗಿ ಇಷ್ಟು ವರ್ಷವಾದ ಗಂಡ ಹೆಂಡತಿ, ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಬಂಪರಿಗೆ ಪಾಳಿಯ ಮೇಲೆ ವಿಭೂತಿ ಬಳಿಯುತ್ತಿದ್ದರು. ಗೇಟಿನ ಗೀರು ಊರಿಗೇ ಗೊತ್ತಿದ್ದ ಗೀರು. ಇವೆಲ್ಲ ಮನೆಯೊಳಗಿನ ಗೀರುಗಳು.

ಪಕ್ಕದ ಮನೆಯ ಅಜ್ಜಿ ದಿನಾ ಬಂದು ಆ ಮೂಲೆಗೆ ಒಂದು ಕಣಗಿಲೆ ಹೂ ಇಟ್ಟು ಕೈಮುಗಿದು ಹೋಗುತ್ತಿದ್ದರಂತೆ.

ಬೇಗ ಮಾಡಿದ್ದೇ ತಪ್ಪು

ಮೊದಲು ಹೋಗಿದ್ದು ದಾವಣಗೆರೆಯ ಎಸ್.ಎಸ್. ಬಡಾವಣೆ ಕಡೆಯ ಒಂದು ಸರ್ವಿಸ್ ಸೆಂಟರಿಗೆ. ತಣ್ಣಗಿನ ಕೋಣೆ, ಮೆತ್ತನೆಯ ಸೋಫಾ. ನಾವು ಕೂತ ಕೂಡಲೇ ಕಾಫಿ ಬಂತು. ಕಾರು ನೋಡಿ ಬಂದ ಹೆಣ್ಣುಮಗಳು ಟ್ಯಾಬಿನ ಮೇಲೆ ಬೆರಳಾಡಿಸಿ, "ಬಂಪರ್ ಪೂರ್ತಿ ಬದಲಾಯಿಸೋಣ ಸರ್, ಹೊಸದೇ ಹಾಕ್ತೀವಿ" ಅಂದಳು.

ಅಣ್ಣನಿಗೆ ರೇಗಿತು. "ಮೂಗು ತರಚಿದ್ರೆ ತಲೆ ಬದಲಾಯಿಸ್ತಾರೇನಮ್ಮಾ?"

"ಹಾಗಾದ್ರೆ ಇದಕ್ಕೇ ಪೇಂಟ್ ಮಾಡಿಕೊಡ್ತೀವಿ ಸರ್. ಇವತ್ತು ಬಿಟ್ರೆ ನಾಳೆ ಸಂಜೆ ಗಾಡಿ ತಗೊಂಡು ಹೋಗಬಹುದು."

ಅಣ್ಣನ ಮುಖ ಅರಳಿತು. ನಾಳೆ ಸಂಜೆ ಬಣ್ಣ ಬಂದರೆ ನಾಡಿದ್ದು ಬೆಳಿಗ್ಗೆ ಇವನು ಮತ್ತೆ ರಸ್ತೆಗೆ ಇಳಿಯುತ್ತಾನೆ. ನಾನು ಬಾಯಿಗೆ ಬಂದದ್ದು ಮಾತಾಡಿದೆ. "ಅಷ್ಟು ಬೇಗ ಹೇಗ್ರಿ ಆಗುತ್ತೆ? ಬಣ್ಣ ಕೂರಬೇಕು, ಒಣಗಬೇಕು, ಮತ್ತೆ ಕೂರಬೇಕು. ಅವಸರದ ಕೆಲಸ ನಮಗೆ ಬೇಡ."

ಆ ಹೆಣ್ಣುಮಗಳು ಟ್ಯಾಬು ಕೆಳಗಿಟ್ಟು ನನ್ನನ್ನೇ ನೋಡಿದಳು. "ಸರ್, ಲೇಟ್ ಮಾಡ್ತೀರಿ ಅಂತ ದಿನಾ ಬೈಸ್ಕೋತೀವಿ. ಬೇಗ ಮಾಡ್ತೀರಿ ಅಂತ ಬೈದವರು ನೀವೇ ಮೊದಲು. ಇನ್ನೊಂದು ಕಾಫಿ ಕುಡೀತೀರಾ?"

ಗಾಯ ತೋರಿಸದ ರೋಗಿ

ಮುಂದಿನ ಭಾನುವಾರ ಆವರಗೆರೆಗೆ ಹೋದೆವು. ತಗಡಿನ ಶೆಡ್ಡು, ಹೊರಗೆ ಹುಣಸೆಮರದ ಕೆಳಗೆ ಬಾಗಿಲು ಕಳಚಿದ ಒಂದು ಜೀಪು. ವಯಸ್ಸಾದ ಸಾಹೇಬರೊಬ್ಬರು ಅಲ್ಲಿ ಪೇಂಟರ್. ಕೆಲಸ ಭಾಳ ಐತೆ, ಹದಿನೈದು ದಿನವಾದರೂ ಬೇಕು ಅಂದರು. ಸಾಹೇಬರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ.

ಅವರು ಬಂಪರಿನ ಹತ್ತಿರ ಹೋದವರು ತಟ್ಟನೆ ನಿಂತು ಚಪ್ಪಲಿ ಬಿಟ್ಟರು. "ಯಜಮಾನ್ರೆ, ಇದು ಪೂಜೆ ಮಾಡಿದ್ದು. ನಮಗೆ ಕೈ ಹಚ್ಚೋಕೆ ಮನಸು ಬರಲ್ರಿ. ನೀವೇ ಒರೆಸಿಬಿಡ್ರಿ, ಆಮ್ಯಾಲೆ ನೋಡ್ತೀನಿ."

ಒದ್ದೆಬಟ್ಟೆಯೊಂದನ್ನು ತಂದು ಅಣ್ಣನ ಕೈಗೆ ಕೊಟ್ಟರು. ಅಣ್ಣ ಅದನ್ನು ಹಿಡಿದುಕೊಂಡು ನಿಂತ. ಮುಚ್ಚಿಟ್ಟಿದ್ದನ್ನು ತಾನೇ ಬಯಲು ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಅವನು ಬಟ್ಟೆಯನ್ನು ನನ್ನ ಕಡೆ ಚಾಚಿದ. ನಾನು ಒರೆಸಿದರೆ ತನಗೇ ಗೊತ್ತಿಲ್ಲದ ಗೀರುಗಳು ಅವನಿಗೆ ಗೊತ್ತಾಗುತ್ತವೆ. ನಾನು ಅದನ್ನು ತೆಗೆದುಕೊಂಡು ಬಾನೆಟ್ಟಿನ ಮೇಲಿದ್ದ ಒಂದು ಹಕ್ಕಿಯ ಹಿಕ್ಕೆ ಒರೆಸಿ ಸಾಹೇಬರಿಗೆ ವಾಪಸ್ ಕೊಟ್ಟೆ.

ಸಾಹೇಬರು ನಮ್ಮಿಬ್ಬರ ಮುಖ ನೋಡಿದರು. "ಗಾಡಿ ಇನ್ನೂ ಚೆನ್ನಾಗೇ ಐತಲ್ರಿ" ಅಂದು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದರು.

ಎಡಗಡೆಯ ಹುಡುಗಿ

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಆವರಗೆರೆಯಿಂದ ಹೊರಟು ಊರೊಳಗೆ ಬರುತ್ತಿದ್ದೆವು. ಅಣ್ಣ ಪಕ್ಕದ ಸೀಟಿನಲ್ಲಿ ಕೂತು ಎಂದಿನಂತೆ ಪಾಠ ಮಾಡುತ್ತಿದ್ದ. ಕ್ಲಚ್ಚಿನ ಮೇಲಿಂದ ಕಾಲು ತೆಗಿ, ಗೇರ್ ಇಳಿಸು, ಹಾರನ್ ಹೊಡಿ. ಅಷ್ಟರಲ್ಲಿ ಎಡಗಡೆಯ ಗಲ್ಲಿಯಿಂದ ಬ್ಯಾಗು ಹಾಕಿಕೊಂಡ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬಂದಳು. ಟ್ಯೂಷನ್ನಿಗೆ ಹೊರಟಿದ್ದಳೇನೋ. ನಾನು ಬ್ರೇಕ್ ಒತ್ತಿದೆ. ಅವಳು ಅಣ್ಣನ ಕಿಟಕಿಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕಾಲೂರಿ ನಿಂತು, ಸಾವರಿಸಿಕೊಂಡು ಹಿಂದಿನಿಂದ ದಾಟಿ ಹೋದಳು.

"ಯಾಕಲೇ ಬ್ರೇಕ್ ಹಾಕ್ದೆ? ರೋಡು ಖಾಲಿ ಐತಲ್ಲ" ಅಂದ ಅಣ್ಣ.

"ಹುಡುಗಿ ಬಂದ್ಳಲ್ಲಣ್ಣಾ."

"ಎಲ್ಲಿ?"

ಅವನು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕಿಟಕಿಯ ಹೊರಗೆ ನೋಡಿದ, ಆಮೇಲೆ ಹಿಂದಕ್ಕೆ ತಿರುಗಿ ನೋಡಿದ. ಅವಳ ಜಡೆಯ ಕೆಂಪು ರಿಬ್ಬನ್ನು ದೂರದಲ್ಲಿ ಹೋಗುತ್ತಿತ್ತು. ಅದನ್ನು ಕಂಡನೇನೋ, ಹಾಗೇ ನೋಡುತ್ತಾ ಕೂತ. ಹಿಂದಿನವರು ಹಾರನ್ ಹೊಡೆಯುತ್ತಿದ್ದರು.

ಹರಿಹರದ ದಾರಿಯಲ್ಲಿ ಅಣ್ಣನ ಪಾಠ ನಿಂತುಹೋಗಿತ್ತು. ನಾನು ಎರಡನೇ ಗೇರಿನಲ್ಲೇ ಬಹಳ ದೂರ ಓಡಿಸಿದೆ, ಬೈಯಲಿಲ್ಲ. ಅವನು ಬೈದಿದ್ದರೆ ಸಾಕಿತ್ತು ಅನ್ನಿಸುತ್ತಿತ್ತು. ಗೇಟಿನ ಹತ್ತಿರ ಇಳಿಯುವಾಗ ಮಾತ್ರ, "ಇಲ್ಲೇ ಹಿಂದಿನ ಓಣ್ಯಾಗೆ ಒಬ್ಬ ಪೇಂಟರ್ ಅದಾನೆ. ನಾಳೆ ಅವನಿಗೇ ಕೊಟ್ಬಿಡಾನ. ಸುತ್ತಿದ್ದು ಸಾಕು" ಅಂದ.

ಒರೆಸಿದ ಮೇಲೆ

ನಾನು ಶಾಲೆಗೆ ರಜೆ ಹಾಕಿ ಹೋದೆ. ಹಿಂದಿನ ಓಣಿಯ ಪೇಂಟರ್ ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ಅತ್ತಿಗೆ, "ನಾನೂ ಬರ್ತೀನಿ" ಎಂದು ಬಂದಿದ್ದರು. ಅಣ್ಣ ಯಾರಿಗೂ ಹೇಳದೆ ಕೇಳದೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ವಿಭೂತಿಯನ್ನೆಲ್ಲ ಒರೆಸಿದ. ಬಿಳಿ ನೀರು ಇಳಿದು ಹೋಯಿತು.

ಗೀರುಗಳು ಒಂದರ ಪಕ್ಕ ಒಂದು ಕಂಡವು. ಎಲ್ಲ ಎಡಗಡೆ. ಅಣ್ಣ ಮುಖವನ್ನು ಹತ್ತಿರ ತಂದು ಒಂದೊಂದರ ನೇರಕ್ಕೂ ಹಿಡಿದು ನೋಡಿದ, ಬೆರಳಲ್ಲಿ ಸವರಿದ.

"ಇವು ಎರಡು ನಂಗೆ ಗೊತ್ತು" ಅಂದ. "ಉಳಿದಾವು ಯಾವಾಗ ಆದ್ವು?"

ಅತ್ತಿಗೆ ಸೆರಗು ಸರಿಮಾಡಿಕೊಂಡರು. "ಯಾವಾಗೋ ಆಗ್ಯಾವೆ ಬಿಡ್ರಿ."

"ನಿಂಗೆ ಗೊತ್ತಿತ್ತಾ?"

"ಅವಕ್ಕೆ ದಿನಾ ವಿಭೂತಿ ಹಚ್ಚಿದ್ದು ಯಾರು ಅನ್ಕೊಂಡ್ರಿ?"

ಅಣ್ಣ ಎದ್ದು, ಜೇಬಿನಿಂದ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟ. "ನೀನೇ ಇಟ್ಕ. ನಂಗೆ ಇನ್ಮ್ಯಾಲೆ ಪಕ್ಕದ ಸೀಟೇ." ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೈ ಒರೆಸಿಕೊಂಡ. ನಾನು ನೋಡದ ಹಾಗೆ ನಿಂತೆ. ನನಗೆ ಅಳು ಬಂದಿತ್ತು.

ಪೇಂಟರ್ ಬಂಪರನ್ನು ಈ ತುದಿಯಿಂದ ಆ ತುದಿಗೆ ನೋಡಿ, ಎಲೆಯಡಿಕೆ ಉಗಿದು ಬಂದು ಕೇಳಿದ. "ಡ್ರೈವಿಂಗ್ ಸ್ಕೂಲಿನ ಗಾಡಿ ಏನ್ರಿ?"

ಹೊಸ ಬಣ್ಣ

ಬಣ್ಣ ಚೆನ್ನಾಗೇ ಬಂತು. ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗುತ್ತಿರಲಿಲ್ಲ. ಮುಂದಿನ ಭಾನುವಾರ ಸಂಜೆ ನಾನೂ ಅಣ್ಣನೂ ಹೋಗಿ ಕಾರು ತಂದೆವು. ನಾನು ಸ್ಟಿಯರಿಂಗಿಗೆ, ಅಣ್ಣ ಎಡಗಡೆ. ಇರುವುದು ಒಂದು ಓಣಿಯಷ್ಟು ದಾರಿ. ಅವನು ಪಾಠ ಮಾಡಲಿಲ್ಲ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಆ ಕೈಗಳು ಏನೂ ಮಾಡದೆ ಕೂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆ ಬಂತು. ಗೇಟು ತೆರೆದಿತ್ತು. ಅತ್ತಿಗೆ ಆರತಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು, ಪಕ್ಕದ ಮನೆಯ ಅಜ್ಜಿ ಕಣಗಿಲೆ ಹೂ ಹಿಡಿದು ಕಾಯುತ್ತಿದ್ದರು. ಅಣ್ಣ ಬಂಪರ್ ಉಜ್ಜಿದ್ದ ಬಲಗಡೆಯ ಕಂಬ ನನಗೆ ನೆನಪಿತ್ತು. ಅದಕ್ಕೆ ತಾಗಬಾರದು ಎಂದು ಸ್ಟಿಯರಿಂಗನ್ನು ಎಡಕ್ಕೆ ಎಳೆದೆ. ಎಡಗಡೆಯ ಕಂಬ ಬಂಪರನ್ನು ಉದ್ದಕ್ಕೂ ಕೆರೆದ ಸದ್ದು ಓಣಿಗೆಲ್ಲ ಕೇಳಿತು.

ನಾನು ಕಾರು ನಿಲ್ಲಿಸಿ ಕೂತೇ ಇದ್ದೆ. ಎರಡು ಕಣ್ಣೂ ನೆಟ್ಟಗಿರುವ ಮನುಷ್ಯ. ಅತ್ತಿಗೆ ತಟ್ಟೆ ಹಿಡಿದ ಹಾಗೇ ನಿಂತಿದ್ದರು. ಅಜ್ಜಿ ಹೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಣ್ಣ ಬಾಗಿಲು ತೆಗೆದು ನಿಧಾನಕ್ಕೆ ಇಳಿದ. ಬೈಯುತ್ತಾನೆ ಅಂದುಕೊಂಡೆ. ಅವನು ಮನೆಯ ಕಡೆ ಮುಖ ಮಾಡಿ, "ಲೇ ಇವ್ಳೇ, ಒಳಗಿಂದ ವಿಭೂತಿ ಗಟ್ಟಿ ತಗಂಬಾ" ಅಂದ. ಅಂದು ನಗತೊಡಗಿದ. ಕಣ್ಣು ತೋರಿಸಿಕೊಂಡು ಬಂದ ದಿನದಿಂದ ಅವನು ನಕ್ಕಿದ್ದು ಅದೇ ಮೊದಲು.

ಅತ್ತಿಗೆ ವಿಭೂತಿ, ಸ್ವಲ್ಪ ನೀರು ತಂದುಕೊಟ್ಟರು. ಹೊತ್ತು ಮುಳುಗಿ ಬೆಳಕು ಕಮ್ಮಿಯಾಗಿತ್ತು. ಅಣ್ಣ ಕಾರಿನ ಮುಂದೆ ಬಂದು ಕೂತು, ಬೆರಳು ನೆನೆಸಿ ಗಟ್ಟಿಯ ಮೇಲೆ ಉಜ್ಜಿಕೊಂಡ. ಗೀರು ಬಿದ್ದಿದ್ದು ಕಾರಿನ ಎಡಕ್ಕೆ, ಅವನ ಕಣ್ಣಿಗೆ ಸಿಗದ ಕಡೆ. ಅವನ ಕೈ ಹೋಗಿದ್ದು ಬಲಕ್ಕೆ, ತನ್ನ ಹಳೆಯ ಗೀರು ಇದ್ದ ಜಾಗಕ್ಕೆ. ಅಲ್ಲಿ, ಹೊಸ ಬಣ್ಣದ ಮೇಲೆ, ಮೂರು ಬೆರಳಲ್ಲಿ ಶ್ರದ್ಧೆಯಿಂದ ವಿಭೂತಿ ಎಳೆದ. ಸಾಲದೆಂದು ಇನ್ನೊಂದು ಸಲ ಎಳೆದ.

ನಾನು ಅತ್ತಿಗೆಯನ್ನು ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಗೀರು ಮುಚ್ಚಿತೇನಲೇ?" ಅಂತ ಅಣ್ಣ ಕೇಳಿದ.

"ಮುಚ್ಚಿತಣ್ಣಾ" ಅಂದೆ.