ಸಾಹೇಬರ ಹರಳಿ

ಮೇಲಿನವರು ಆಡಿದ ಮಾತಿನ ಅರ್ಥ ಕೇಳಲು ನನಗೆ ನಾಚಿಕೆ. ತಲೆಯಾಡಿಸಿಬಿಡುತ್ತೇನೆ. ಹೊನ್ನಾವರದ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿ ನಾನು ಸಂಪಾದಿಸಿದ ವಿದ್ಯೆಯಲ್ಲಿ ಹೆಚ್ಚಿನದು ಈ ತಲೆಯಾಡಿಸುವುದೇ. ನನಗೆ ಮರಾಠಿ ಬರುತ್ತದೆ ಎಂದು ಕಚೇರಿಯಲ್ಲಿ ಒಂದು ಹೆಸರಿದೆ. ಆ ಹೆಸರು ಬಂದದ್ದೂ ಹಾಗೆಯೇ.

ಯುದ್ಧದ ಕಾಲ. ಹೆಚ್ಚು ಧಾನ್ಯ ಬೆಳೆಯಿರಿ ಎಂದು ತಾಲೂಕಿಗೆಲ್ಲ ಕಾಗದ ಬರೆಯುತ್ತಿದ್ದ ನಾನು ಮನೆಯೆದುರು ಹುಲ್ಲು ಬೆಳೆಯುವ ಹುಚ್ಚಿಗೆ ಬಿದ್ದೆ. ಕುಮಟೆಯಲ್ಲಿ ನಮ್ಮ ಮಾಮಲೇದಾರರಿಗೂ ಮೇಲಿನವರಾದ ಪ್ರಾಂತ ಸಾಹೇಬರ ಬಂಗಲೆಯ ಹುಲ್ಲುಹಾಸು ನೋಡಿಬಂದ ಮೇಲೆ ನನ್ನ ಮನೆಯೆದುರಿನ ಜಾಗ ನನಗೇ ನೋಡಲಾಗಲಿಲ್ಲ. ಸಾಹೇಬರು ಪುಣೆಯ ಕಡೆಯವರು. ಆಸೆ ಹೇಳಿಕೊಂಡಾಗ, ಮೊದಲು ಅಲ್ಲಿರುವ ಕಾಡುಹುಲ್ಲನ್ನು ಬೇರುಸಹಿತ ಕಿತ್ತುಹಾಕಿ, ಮಳೆ ಹಿಡಿದ ಮೇಲೆ ನಾನೇ ಹರಳಿ ಕಳಿಸುತ್ತೇನೆ, ಚೌತಿ ಕಳೆದು ಆ ಕಡೆ ಬಂದಾಗ ನೋಡುತ್ತೇನೆ ಎಂದರು. ಹರಳಿ ಎಂದರೇನು ಎಂದು ಕೇಳಬಹುದಿತ್ತು. ತಲೆಯಾಡಿಸಿದೆ.

ನಮ್ಮಲ್ಲಿದ್ದದ್ದು ಅಷ್ಟಿಷ್ಟು ಜೇಕು, ಉಳಿದದ್ದೆಲ್ಲ ಗರಿಕೆ. ಗರಿಕೆಯ ಗುಣ ಕಿತ್ತವನಿಗೇ ಗೊತ್ತು. ಇಲ್ಲಿ ಎಳೆದರೆ ಬಾವಿಕಟ್ಟೆಯ ಹತ್ತಿರ ಮಣ್ಣು ಅಲುಗುತ್ತದೆ. ಒಂದು ಗೆಣ್ಣು ಉಳಿದರೂ ಸಾಕು, ಮತ್ತೆ ಚಿಗುರಿ ಕೂರುತ್ತದೆ. ಕಚೇರಿಯಿಂದ ಬಂದವನೇ ಕುಕ್ಕರಗಾಲಲ್ಲಿ ಕೂತು ಕತ್ತಿಯ ಮೊನೆಯಿಂದ ಕೆದಕಿದ್ದೇ ಕೆದಕಿದ್ದು. ಸೊಂಟ ಹಿಡಿದುಕೊಂಡಿತು. ಬಗ್ಗಿಕೊಂಡೇ ಕಚೇರಿಗೆ ಹೋದರೆ ಮಾಮಲೇದಾರರು ಅದನ್ನು ವಿನಯವೆಂದು ತಿಳಿದು ಸಂತೋಷಪಟ್ಟರು.

ನನ್ನ ತಾಯಿಗೆ ಸಂಕಷ್ಟಿ ಪೂಜೆಗೆ ಗರಿಕೆ ಬೇಕು. ಒಂದು ಮೂಲೆಯನ್ನಾದರೂ ಬಿಡು ಎಂದು ಆಯಿ ಕೇಳಿಕೊಂಡಳು. ಕಳೆಗೆ ಮೂಲೆ ಬಿಟ್ಟರೆ ಮನೆಯನ್ನೇ ಬಿಟ್ಟುಕೊಟ್ಟ ಹಾಗೆ ಎಂದು ಅವಳಿಗೆ ಪಾಠ ಹೇಳಿದೆ. ಅಂದಿನಿಂದ ಅವಳು ಪಕ್ಕದ ಮನೆಯ ಕಮಲಾಬಾಯಿಯವರ ಹಿತ್ತಿಲಿಗೆ ಗರಿಕೆ ಕೊಯ್ಯಲು ಹೋಗತೊಡಗಿದಳು. ಇಳಿವಯಸ್ಸಿನಲ್ಲಿ ಅವಳು ಇನ್ನೊಬ್ಬರ ಹಿತ್ತಿಲಲ್ಲಿ ಬಗ್ಗುವುದನ್ನು ಕಂಡಾಗ ಒಂದು ಮೂಲೆ ಬಿಡೋಣವೆನ್ನಿಸಿತು. ಆದರೆ ಸಾಹೇಬರು ಬರುವವರಿದ್ದರಲ್ಲ.

ಮಳೆ ಹಿಡಿದ ಮೇಲೆ ಕುಮಟೆಯಿಂದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಒಂದು ಒದ್ದೆ ಗೋಣಿ ಬಂತು. ಒಳಗೆ ಬಾಡಿದ ಬೇರುಬಳ್ಳಿ. ಭಕ್ತಿಯಿಂದ ನೆಟ್ಟು ಸುತ್ತ ಬೇಲಿ ಕಟ್ಟಿದೆ. ಚಿಗುರಿದಾಗ ಎಲ್ಲೋ ನೋಡಿದ ಮುಖವೆನ್ನಿಸಿತು. ಕುಮಟೆಯಲ್ಲಿ ನೋಡಿದ್ದೇ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ಚೌತಿಯ ಬೆಳಿಗ್ಗೆ ಎದ್ದು ನೋಡಿದರೆ ಬೇಲಿಯೊಳಗೆ ಆಯಿ, ಕೈಯಲ್ಲಿ ಹೂವಿನ ಬುಟ್ಟಿ. ಅದು ಸಾಹೇಬರ ಹರಳಿ, ಮುಟ್ಟಬೇಡ ಎನ್ನುತ್ತ ಓಡಿದೆ. ಅವಳು ಒಂದು ಕುಡಿ ಚಿವುಟಿ ನನ್ನ ಅಂಗೈಯಲ್ಲಿಟ್ಟಳು.

"ಕಮಲಾಬಾಯಿ ಮುಂಬಯಿಲಿ ಇದ್ದು ಬಂದವ್ರಲ್ದಾ, ಕೇಳ್ದೆ. ಮರಾಠಿಲಿ ಗರಿಕೆಗೇ ಹರಳಿ ಅಂತ್ರಂತೆ," ಎಂದಳು. "ನಮ್ಮ ಗರಿಕೆನೇ ಮರಾಠಿ ಕಲ್ತು ಬಂದದ್ದು ತಮಾ. ಗಣಪತಿಗೆ ಎರಡೂ ಆತು."

ಅಂಗೈಯಲ್ಲಿದ್ದದ್ದು ಗರಿಕೆಯೇ. ನನ್ನ ಸೊಂಟ ಅದನ್ನು ನನಗಿಂತ ಮೊದಲೇ ಗುರುತಿಸಿರಬೇಕು, ಅಲ್ಲೇ ಛಳಕ್ಕೆಂದಿತು.

ಸಾಹೇಬರು ಹೇಳಿದಂತೆ ಬಂದರು, ಹಸಿರು ನೋಡಿ ಮೆಚ್ಚಿದರು, ಚಹಾ ಕುಡಿದರು. ಹೊರಡುವಾಗ, ಹರಳಿಯ ನಡುವೆ ಹಳೆಯ ಹುಲ್ಲು ತಲೆಯೆತ್ತಿದರೆ ದಾಕ್ಷಿಣ್ಯ ಮಾಡಬೇಡಿ, ಕೂಡಲೇ ಕಿತ್ತುಹಾಕಿ ಎಂದು ಎಚ್ಚರಿಸಿದರು. ಅದಕ್ಕೂ ತಲೆಯಾಡಿಸಿದೆ. ಆಯಿ ಈಗ ಬೇಲಿ ಸರಿಸಿ, ಸಿಕ್ಕಿದ್ದನ್ನೆಲ್ಲ ಒಂದೇ ಬುಟ್ಟಿಗೆ ಕೊಯ್ಯುತ್ತಾಳೆ. ನಾನು ಮಾತ್ರ ಸಂಜೆ ಕತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತೇನೆ. ಯಾವುದು ಸಾಹೇಬರು ಕಳಿಸಿದ್ದು, ಯಾವುದು ಕೀಳೆಂದು ಅವರು ಹೇಳಿದ್ದು ತಿಳಿಯದೆ, ಹುಲ್ಲಿನ ಮುಂದೆಯೂ ಒಮ್ಮೆ ತಲೆಯಾಡಿಸಿ ಎದ್ದು ಬರುತ್ತೇನೆ.