ಹೆಸರು ಹಾಕಿಸಿಕೊಂಡ ಗ್ರಾಫಿಕ್ಸ್ ಕಾರ್ಡು

ನೀವೇ ನ್ಯಾಯ ಹೇಳಿ. ಮಗಳ ಸಾಮಾನು ಕಂಡವರ ಪಾಲಾಗದಿರಲಿ ಎಂದು ತಂದೆಯಾದವನು ಒಳ್ಳೆಯ ಮನಸ್ಸಿನಿಂದ ಒಂದು ಕೆಲಸ ಮಾಡಿದರೆ, ಅದಕ್ಕೆ ಹಾಸನದಂಥ ಹಾಸನದಲ್ಲಿ, ಹಾಡುಹಗಲಲ್ಲಿ, ನಾಲ್ಕು ಜನರ ಮುಂದೆ ಮಾನ ಕಳೆದುಕೊಳ್ಳಬೇಕೆ? ಮನೆಯಲ್ಲಿ ಕೇಳಿದೆ. ಮೂರೂ ಜನ ಹೆಂಗಸರು ಒಂದೇ ಬಾಯಲ್ಲಿ "ಕಳ್ಕೋಬೇಕು" ಎಂದರು. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ. ಹೂಂಗುಟ್ಟಿ, ಹೇಳುತ್ತೇನೆ.

ನಾನು ಸುಪಾರ್ಶ್ವ. ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ. ತಾತನ ಕಾಲದಲ್ಲಿ ತಾಮ್ರ, ಅಪ್ಪನ ಕಾಲದಲ್ಲಿ ಹಿತ್ತಾಳೆ, ನನ್ನ ಕಾಲಕ್ಕೆ ಸ್ಟೀಲು. (ಮುಂದೆ ಪ್ಲಾಸ್ಟಿಕ್ಕು ಎನ್ನುತ್ತಾರೆ, ಅದನ್ನು ನೋಡಲು ನಾನು ಇರುವುದಿಲ್ಲ.) ನಮ್ಮ ಅಂಗಡಿಯಿಂದ ಒಂದು ಲೋಟ ಹೋದರೂ ಅದರ ಮೇಲೆ ಹೆಸರು ಹಾಕದೆ ಕಳಿಸಿದವನಲ್ಲ ನಾನು. ಹೆಸರು ಹಾಕುವ ಮಷೀನು ಗೊತ್ತಲ್ಲ, ಸೂಜಿ ಮುಂದಿಟ್ಟುಕೊಂಡು ಜೇನುಹುಳದಂತೆ ಗುಂಯ್‌ಗುಡುತ್ತದೆ, ಅದು ನನ್ನ ಕೈಗೆ ಬಂದರೆ ಶಿಲಾಶಾಸನ ಕೆತ್ತಿದವರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಈ ತಾಲ್ಲೂಕಿನ ಹಾಲಿನ ಪಾತ್ರೆಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಬರಹವನ್ನು ಹೊತ್ತುಕೊಂಡೇ ಉಕ್ಕುತ್ತವೆ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳು ಜಿನಶ್ರೀಗೆ ಕಾರು ಓಡಿಸುವ ಹುಚ್ಚು. ನಿಜವಾದ ಕಾರಲ್ಲ, ಕಂಪ್ಯೂಟರಿನ ಒಳಗಿನದು. ಹಾಸನದಲ್ಲಿ ಬಿ.ಸಿ.ಎ. ಓದುತ್ತಾಳೆ. ಅಲ್ಲೇ ಗೆಳತಿ ಕವನಾಳ ಕಂಪ್ಯೂಟರಿನಲ್ಲಿ ಆಡಿ ಆಡಿ, ಕಾಲೇಜು ಕಾಲೇಜುಗಳ ನಡುವಿನ ಪಂದ್ಯದ ಕೊನೆಯ ಸುತ್ತಿಗೆ ಬಂದುಬಿಟ್ಟಳು. ಆ ಕವನಾಳೂ ಬಂದಳು. ಕೊನೆಯ ಸುತ್ತು ಭಾನುವಾರ, ಅವರವರ ಮನೆಯಿಂದ, ಅವರವರ ಕಂಪ್ಯೂಟರಿನಲ್ಲಿ. ಎದುರಾಳಿಯ ಕಂಪ್ಯೂಟರ್ ಕೇಳಲು ಆಗುತ್ತದೆಯೇ?

"ಅಪ್ಪಾಜಿ, ಗೇಮಿಂಗ್ ಕಂಪ್ಯೂಟರ್ ಒಂದು ಬೇಕು. ಟ್ಯೂಷನ್ ಹೇಳಿ ಕೂಡಿಟ್ಟಿದ್ದು ನನ್ನ ಹತ್ರ ಅರ್ಧ ಇದೆ. ಇನ್ನರ್ಧ ನೀವು ಹಾಕಿ. ಐವತ್ತು ಸಾವಿರದೊಳಗೆ ಮುಗಿಸ್ತೀನಿ."

ಬೀದಿಯ ಮಕ್ಕಳಿಗೆಲ್ಲ ಎರಡು ವರ್ಷ ಮಗ್ಗಿ ಬಾಯಿಪಾಠ ಮಾಡಿಸಿ ಕೂಡಿಟ್ಟ ದುಡ್ಡು. ಇಲ್ಲ ಎನ್ನಲು ನಾನೇನು ಕಲ್ಲೇ? ಆದರೆ ನಮ್ಮ ತಾಯಿ ಅನಂತಮ್ಮನವರ ಒಪ್ಪಿಗೆ ಬೇಕಿತ್ತು. ಇರುವೆ ದಾಟುತ್ತಿದ್ದರೆ ಬಾಗಿಲಲ್ಲೇ ನಿಂತು ದಾರಿ ಬಿಡುವವರು ಅವರು.

"ಆ ಆಟದಲ್ಲಿ ಯಾರಾದ್ರೂ ಸಾಯ್ತಾರೇನೇ?" ಎಂದರು.

"ಇಲ್ಲ ಅಜ್ಜಿ, ಬರೀ ಕಾರು ಓಡ್ಸೋದು."

"ನಾಯಿ ಗೀಯಿ ಅಡ್ಡ ಬಂದ್ರೆ?"

"ಆ ರಸ್ತೇಲಿ ನಾಯಿ ಬರಲ್ಲ ಅಜ್ಜಿ."

"ಹಂಗಾದ್ರೆ ಅದು ನಮ್ಮೂರ್ ರಸ್ತೆ ಅಲ್ಲ ಬಿಡು. ಆಡ್ಕೋ."

ಹೀಗೆ ಅಪ್ಪಣೆಯಾಗಿ, ನಾನು, ನನ್ನ ಹೆಂಡತಿ ಸಮತಾ, ಮಗಳು ಮೂವರೂ ಗುರುವಾರ ಬೆಳಿಗ್ಗೆ ಹಾಸನದ ನಟರಾಜನ ಕಂಪ್ಯೂಟರ್ ಅಂಗಡಿಗೆ ದಂಡೆತ್ತಿ ಹೋದೆವು. ನನ್ನ ಹೆಗಲ ಮೇಲೆ ಒಂದು ಗೋಣಿಚೀಲ. ಅದರಲ್ಲಿ ನಮ್ಮ ಅಂಗಡಿಯ ಹಳೆಯ ಬಿಲ್ಲಿಂಗ್ ಕಂಪ್ಯೂಟರ್.

"ಇದೇನ್ ಸಾ?" ಎಂದ ನಟರಾಜ.

"ಹಳೇದು. ತೂಕ ಹಾಕಿ, ಹೊಸದರಲ್ಲಿ ಕಳೀರಿ."

"ಸಾ, ಇದು ಪಾತ್ರೆ ಅಂಗಡಿ ಅಲ್ಲ."

ಕೇಳಿದಿರಾ ಮಾತು? ಹಳೆಯದು ತಂದ ಗಿರಾಕಿಯನ್ನು ನಾವು ಕೂರಿಸಿ ಕಾಫಿ ಕೊಡುತ್ತೇವೆ. ತೂತು ಬಿದ್ದ ಕೊಳಗಕ್ಕೂ ನಮ್ಮಲ್ಲಿ ಒಂದು ಮರ್ಯಾದೆ ಉಂಟು. ಇವನು "ಗುಜ್ರಿಗೆ ಹಾಕಿ" ಎಂದುಬಿಟ್ಟ.

ನಾನು ಸಿಟ್ಟು ನುಂಗಿಕೊಂಡು ಸಾಮಾನು ನೋಡತೊಡಗಿದೆ. ಮೊದಲಿಗೆ ಕ್ಯಾಬಿನೆಟ್ಟು, ಎಂದರೆ ಎಲ್ಲವನ್ನೂ ತುಂಬುವ ಡಬ್ಬ. ಒಂದನ್ನು ಎತ್ತಿದೆ. ಭಾರ. ಬೆರಳ ಗೆಣ್ಣಿನಿಂದ ತಟ್ಟಿದೆ. ಠಣ್ ಎಂದಿತು. ಮುಂದೆ ಗಾಜು, ಒಳಗೆ ದಸರಾ ದೀಪಾಲಂಕಾರ. "ಇದು ಸಾಮಾನು!" ಎಂದೆ.

"ಅದು ಬೇಡ ಅಪ್ಪಾಜಿ. ಆ ಮೂಲೇಲಿರೋ ತಗಡಿನದು ಸಾಕು. ದುಡ್ಡೆಲ್ಲ ಒಳಗಿನದಕ್ಕೆ ಬೇಕು" ಎಂದಳು ಮಗಳು.

ಒಳಗಿನದು ತೋರಿಸಿದರು. ಪ್ರೊಸೆಸರ್ ಅಂತೆ, ಇಡೀ ಯಂತ್ರದ ಮಿದುಳು. ಚಕ್ಕುಲಿ ಒರಳಿನ ಬಿಲ್ಲೆಯಷ್ಟೂ ಇಲ್ಲ! ಅಂಗೈ ಮೇಲಿಟ್ಟು ತೂಗಿ ನೋಡಿದೆ, ಬೆಲೆ ಕೇಳಿದೆ, ಮನಸ್ಸಿನಲ್ಲೇ ಭಾಗಿಸಿದೆ, ಕುರ್ಚಿ ಹುಡುಕಿ ಕೂತೆ. "ಅಲ್ರೀ, ಗ್ರಾಮಿನ ಲೆಕ್ಕ ಹಾಕಿದ್ರೆ ಬೆಳ್ಳಿಗಿಂತ ಜಾಸ್ತಿ ಬೀಳ್ತದೆ!"

"ಯಾರೂ ಇಲ್ಲಿವರೆಗೆ ಹಂಗೆ ಲೆಕ್ಕ ಹಾಕಿಲ್ಲ ಸಾ" ಎಂದ ನಟರಾಜ.

"ಹಾಕಿಲ್ಲ ಅಂತಲೇ ನೀವು ಬದುಕಿದೀರಿ."

ಆಮೇಲೆ ಬಂತು ಗ್ರಾಫಿಕ್ಸ್ ಕಾರ್ಡು. ಒಂದು ಕಪ್ಪು ಹಲಗೆ, ಅದಕ್ಕೆ ಎರಡು ಪುಟಾಣಿ ಫ್ಯಾನು. ಇಡೀ ಐವತ್ತು ಸಾವಿರದಲ್ಲಿ ಹತ್ತಿರ ಹತ್ತಿರ ಅರ್ಧ ಇದೊಂದೇ ನುಂಗುತ್ತದಂತೆ! ಇದಕ್ಕಿಂತ ಚಿಕ್ಕದು ತಗೊಂಡು, ಉಳಿದ ದುಡ್ಡಿಗೆ ಆ ಠಣ್ಣೆನ್ನುವ ಡಬ್ಬ ತಗೊಳ್ಳೋಣ ಎಂದು ನಾನು ಪಟ್ಟು ಹಿಡಿದೆ. ಬಂದವರಿಗೆ ಕಾಣುವುದು ಡಬ್ಬವೇ ಹೊರತು ಒಳಗಿನ ಹಲಗೆಯಲ್ಲ.

ಜಿನಶ್ರೀ ಸಮಾಧಾನದಿಂದಲೇ ಹೇಳಿದಳು: "ಅಪ್ಪಾಜಿ, ಚಿತ್ರ ಓಡ್ಸೋದೆಲ್ಲ ಈ ಕಾರ್ಡೇ. ಇದು ಚಿಕ್ಕದಾದ್ರೆ ತಿರುವಿನಲ್ಲಿ ಕಾರು ತಡವರಿಸ್ತದೆ. ಅಷ್ಟ್ರಲ್ಲಿ ಕವನಾ ಗೆದ್ದು ಮನೆಗೆ ಹೋಗಿರ್ತಾಳೆ. ದುಡ್ಡೆಲ್ಲ ಪಾತ್ರೆಗೆ ಹಾಕಿ ಪಾಯಸಕ್ಕೆ ನೀರು ಬೆರೆಸ್ತಾರಾ ಯಾರಾದ್ರೂ?"

ಪಾತ್ರೆ ವ್ಯಾಪಾರಿಯ ಮುಂದೆ ಇಂಥ ಮಾತೇ? ಮುಖ ಕೆಂಪಾಯಿತು. ಸಮತಾಳ ಕಡೆ ನೋಡಿದೆ, ಸಹಾಯಕ್ಕೆ ಬರಲಿ ಎಂದು.

"ರೀ, ಓಡ್ಸೋಳು ಅವಳು. ನೀವು ಡಬ್ಬ ತಟ್ಟಿದ್ದು ಸಾಕು, ಅಂಗಡಿಯೋರು ನಗ್ತಾವ್ರೆ" ಎಂದಳು. ಬಂದಳು ಸಹಾಯಕ್ಕೆ!

ಕೊನೆಗೆ ಮಗಳು ಹೇಳಿದ್ದೇ ಆಯಿತು. ಬಣ್ಣದ ದೀಪ ಬೇಡ, ಗಾಜು ಬೇಡ, ಪರದೆಗೆ ಮನೆಯ ಟಿವಿಯೇ ಸಾಕು, ಡಬ್ಬ ತಗಡಿನದು, ಕಾರ್ಡು ಮಾತ್ರ ದೊಡ್ಡದು. ಸಂಜೆ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂತು, ಅವಳೇ ಒಂದೊಂದನ್ನೂ ಜೋಡಿಸಿದಳು. ಟಿವಿಯಲ್ಲಿ ಕೆಂಪು ಕಾರೊಂದು ಜುಯ್ಯೆಂದು ಹೊರಟಾಗ ನಮ್ಮ ತಾಯಿ ಧಾರಾವಾಹಿ ತಪ್ಪಿದ್ದನ್ನೂ ಮರೆತು "ನಿಧಾನ, ನಿಧಾನ" ಎಂದು ಕೂಗಿದರು. ನನಗೂ, ಒಪ್ಪಿಕೊಳ್ಳಬಾರದು, ಸಂತೋಷವೇ ಆಯಿತು.

ಶುಕ್ರವಾರ ಮಗಳು ಕಾಲೇಜಿಗೆ ಹೋದಳು. ನಮ್ಮ ತಾಯಿ ಆ ಡಬ್ಬದ ಮುಂದೆ ನಿಂತು, "ಸುಪಾರ್ಶ್ವ, ಇಷ್ಟ್ ದುಡ್ ಸುರಿದು ತಂದಿದೀಯ, ಹೆಸ್ರು ಹಾಕಿಲ್ವಲ್ಲೋ!" ಎಂದರು. "ಬೆಳಗೊಳದಲ್ಲಿ ಪೂಜೆಗೆ ಅಂತ ಕೊಟ್ಟ ನನ್ನ ತವರಿನ ಬಿಂದಿಗೆ ಏನಾಯ್ತು? ಹೆಸರಿದ್ದಿದ್ರೆ ಹೋಗ್ತಿತ್ತಾ?"

ಹೌದಲ್ಲ! ನಾಳೆ ಗೆಳತಿಯರು ಬರುತ್ತಾರೆ, ಬಿಚ್ಚುತ್ತಾರೆ, ಕೊಡುತ್ತಾರೆ, ತರುತ್ತಾರೆ. ಎಲ್ಲರ ಹಲಗೆಯೂ ಕಪ್ಪೇ. ಯಾರದು ಯಾರದೋ! ಊರಿಗೆಲ್ಲ ಹೆಸರು ಹಾಕುವವನ ಮನೆಯಲ್ಲೇ ಹೆಸರಿಲ್ಲದ ಸಾಮಾನು! ಅಂಗಡಿಗೆ ಓಡಿ ಮಷೀನು ತಂದೆ.

ಡಬ್ಬದ ಮೇಲೆ ಹಾಕಬಹುದಿತ್ತು. ಆದರೆ ತಗಡನ್ನು ಯಾರು ಕದಿಯುತ್ತಾರೆ? ಬೆಲೆ ಇರುವುದರ ಮೇಲೆ ಗುರುತಿರಬೇಕು. ಮಗಳು ಜೋಡಿಸುವಾಗ ನೋಡಿದ್ದೆನಲ್ಲ, ಸ್ಕ್ರೂ ಬಿಚ್ಚಿ ಕಾರ್ಡನ್ನು ಮೆಲ್ಲಗೆ ಹೊರಗೆ ತೆಗೆದೆ. ಹಿಂಬದಿ ಖಾಲಿ. ಏನೋ ಸಣ್ಣ ಸಣ್ಣ ಗೆರೆಗಳಿದ್ದವು, ಯಾರೋ ಮಕ್ಕಳು ಗೀಚಿದ ಹಾಗೆ. ಅದರ ಮೇಲೆಯೇ, ಎಂದೂ ಅಳಿಯದ ಹಾಗೆ ಒತ್ತಿ, ದುಂಡಗೆ ಬರೆದೆ: "ಜಿನಶ್ರೀ. ಸುಪಾರ್ಶ್ವ ಪಾತ್ರೆ ಅಂಗಡಿ, ಚನ್ನರಾಯಪಟ್ಟಣ." ಜಾಗ ಉಳಿದಿತ್ತು, ಮೊಬೈಲ್ ನಂಬರನ್ನೂ ಹಾಕಿದೆ. ನೋಡಲು ಏನು ಚೆಂದ ಅಂತೀರಿ! ಇದ್ದ ಹಾಗೇ ಸಿಕ್ಕಿಸಿ, ಸ್ಕ್ರೂ ಬಿಗಿದು, ಕೈ ಒರೆಸಿಕೊಂಡೆ. ಮಗಳಿಗೆ ಹೇಳಲಿಲ್ಲ. ಗುರುತು ಗುಟ್ಟಾಗಿದ್ದರೇ ಅದಕ್ಕೆ ಬಲ.

ಸಂಜೆ ಜಿನಶ್ರೀ ಬಂದು ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಟಿವಿ ಮಾತ್ರ ಕಾಡಿಗೆ ಬಳಿದಂತೆ ಕಪ್ಪಗೆ ಕೂತಿತ್ತು. ಮತ್ತೆ ಒತ್ತಿದಳು. ವೈರು ಕಿತ್ತು ಸಿಕ್ಕಿಸಿದಳು. ಅವಳ ಮುಖ ನೋಡಲಾಗಲಿಲ್ಲ. "ನಾಡಿದ್ದೇ ಪಂದ್ಯ ಅಮ್ಮ" ಎಂದಳು, ಅಷ್ಟೇ. ಒಳಗೆ ಬಿಚ್ಚಿ ನೋಡುತ್ತೇನೆ ಎಂದು ಎದ್ದಳು.

ನಾನು ಅಡ್ಡ ನಿಂತೆ. "ಮುಟ್ಟಬೇಡ! ನೀನು ಸ್ಕ್ರೂ ಬಿಚ್ಚಿದ್ರೆ ನೀನೇ ಕೆಡಿಸಿದ್ದು ಅಂತಾನೆ ಆ ನಟರಾಜ. ಬೆಳಿಗ್ಗೆ ಇದ್ದ ಹಂಗೇ ಹೊತ್ಕೊಂಡು ಹೋಗಿ ಅವನ ಮುಖದ ಮುಂದೆ ಇಡ್ತೀನಿ. ನಿನ್ನೆನೇ ಅಂದ್ಕೊಂಡೆ, ಮೋಸದ ಮಾಲು ಅಂತ!"

ನನ್ನ ಸೂಜಿಯ ಮೇಲೆ ಅನುಮಾನ ಬರಲಿಲ್ಲವೇ ಎಂದು ಕೇಳಬೇಡಿ. ಇಷ್ಟು ವರ್ಷದಲ್ಲಿ ಹೆಸರು ಹಾಕಿದ್ದಕ್ಕೆ ಒಂದು ಪಾತ್ರೆಯಾದರೂ ಸೋರಿದ್ದುಂಟೆ?

ಶನಿವಾರ ಹೆಂಡತಿ, ಮಗಳ ಜೊತೆ ಹೋದಾಗ ನಟರಾಜನ ಅಂಗಡಿ ತುಂಬಿತ್ತು. ಇನ್ನೂ ಒಳ್ಳೆಯದೇ ಎಂದುಕೊಂಡು ಡಬ್ಬವನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟೆ. "ಎರಡನೇ ದಿನಕ್ಕೇ ಕಣ್ಣು ಮುಚ್ಚಿದೆ ನಿಮ್ಮ ಕಂಪ್ಯೂಟ್ರು! ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡು ಕಣ್ರೀ ಇದು! ನಾವೂ ವ್ಯಾಪಾರ ಮಾಡ್ತೀವಿ, ಹಿಂಗೆ ಹೆಣ್ಣುಮಗಳ ಹೊಟ್ಟೆ ಉರಿಸಿ ಅಲ್ಲ!"

ತೆಂಗಿನ ತೋಟಕ್ಕೆ ಕ್ಯಾಮೆರಾ ಕೊಳ್ಳಲು ಕೊರವಂಗಲದಿಂದ ಬಂದಿದ್ದ ಲಕ್ಕಣ್ಣ ಎಂಬುವರು ನನ್ನ ಪಕ್ಕಕ್ಕೆ ಬಂದು ನಿಂತರು. "ಅಂಗೆ ಕೇಳಿ ಸಾ! ಬುಡಬ್ಯಾಡಿ!"

ನನಗೆ ಆನೆಬಲ ಬಂತು. "ಇದನ್ನ ಕೆಡಿಸಿದವನು ಯಾವನೇ ಆಗ್ಲಿ, ಅವನ ಹೆಸ್ರು ನನಗೆ ಬೇಕು! ಈಗ್ಲೇ ಬೇಕು! ಎಲ್ಲರ ಮುಂದೆ ಬೇಕು!"

ನಟರಾಜ ಸ್ಕ್ರೂ ಬಿಚ್ಚಿದ. ಕಾರ್ಡನ್ನು ಹೊರಗೆ ತೆಗೆದ. ತಿರುಗಿಸಿದ. ದೀಪದ ಹತ್ತಿರ ಹಿಡಿದ. ಅವನ ಹುಬ್ಬು ಮೆಲ್ಲಗೆ ಮೇಲೇರಿತು.

"ಸಾ, ಇದರ ಮೇಲೆ ಯಾರೋ ಸೂಜೀಲಿ ಕೆತ್ತವ್ರೆ. ಒಳಗಿನ ತಂತಿಗೆರೆಯೆಲ್ಲ ಕಟ್ಟಾಗೈತೆ. ಫೋನ್ ನಂಬರ್ ಬೇರೆ ಬರ್ದವ್ರೆ."

"ನಂಬರ್ ಐತಾ?" ಲಕ್ಕಣ್ಣನವರು ಆಗಲೇ ಮೊಬೈಲ್ ತೆಗೆದಿದ್ದರು. "ಯೋಳಿ ಮತ್ತೆ, ಅವನ್ಗೆ ನಾನೇ ಉಗೀತೀನಿ. ಯಜಮಾನ್ರು ಪಾಪ, ಮೆತ್ತನೋರು."

ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ನಟರಾಜ ಒಂದೊಂದೇ ಅಂಕಿ ಓದಿದ. ಲಕ್ಕಣ್ಣನವರು ಒಂದೊಂದೇ ಅಂಕಿ ಒತ್ತಿದರು. ಅಂಗಡಿಯೆಲ್ಲ ಕಿವಿಯಾಯಿತು.

ನನ್ನ ಜೇಬು ಹಾಡತೊಡಗಿತು.

ತೆಗೆಯಬಾರದಿತ್ತು. ಆದರೆ ವ್ಯಾಪಾರಿಯ ಕೈ, ಫೋನು ಬಂದರೆ ಬಿಡುತ್ತದೆಯೇ? "ಹಲೋ, ಸುಪಾರ್ಶ್ವ ಪಾತ್ರೆ ಅಂಗಡಿ" ಎಂದುಬಿಟ್ಟೆ.

ಲಕ್ಕಣ್ಣನವರು ಒಂದು ಮಾರು ದೂರದಿಂದ ನನ್ನ ಮುಖವನ್ನೇ ನೋಡುತ್ತ, ಫೋನನ್ನು ಕಿವಿಯಿಂದ ತೆಗೆಯದೆಯೇ ಕೇಳಿದರು: "ಸಾ, ಈಗ್ಲೂ ಉಗೀಲಾ?"

ಅಂಗಡಿ ನಕ್ಕಿದ್ದನ್ನು ನಾನು ವರ್ಣಿಸಲಾರೆ. ಸಮತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಗೋ ನಗುವಿಗೋ ತಿಳಿಯಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ನಗದೆ ಇದ್ದವಳು ಜಿನಶ್ರೀ ಒಬ್ಬಳೇ. ಆ ಅಕ್ಷರಗಳನ್ನು ಬೆರಳಿನಿಂದ ಸವರಿ, "ನನ್ನ ಹೆಸರೇ ಮೊದಲು ಹಾಕಿದೀರಲ್ಲ ಅಪ್ಪಾಜಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಗ್ಯಾರಂಟೀಲಿ ಬರಲ್ಲ ಸಾ" ಎಂದ ನಟರಾಜ, ಮೆತ್ತಗೆ.

"ಗೊತ್ತಾಯ್ತು. ಅಂಥದ್ದೇ ಇನ್ನೊಂದು ಕೊಡಿ" ಎಂದೆ. ಪೂರ್ತಿ ನನ್ನ ದುಡ್ಡು. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ನಮ್ಮ ವಂಶದಲ್ಲಿ ಹೀಗೆ ಕೊಂಡವನು ನಾನೇ ಮೊದಲಿಗ. ಸತ್ತ ಕಾರ್ಡನ್ನು ಅವನ ಮುಂದೆ ತಳ್ಳಿದೆ, ಹಳೆಯದೆಂದಾದರೂ ಏನಾದರೂ ಕಳೆಯುತ್ತಾನೋ ಎಂದು. "ಇಲ್ಲೇ ಇರ್ಲಿ ಸಾ, ಬಂದೋರಿಗೆ ತೋರ್ಸಕ್ಕೆ" ಎಂದು ಒಳಗಿಟ್ಟುಕೊಂಡ. ಜಿನಶ್ರೀ ಅಲ್ಲೇ ಹೊಸದನ್ನು ಡಬ್ಬದೊಳಗೆ ಸಿಕ್ಕಿಸಿ, ಓಡಿಸಿ ನೋಡಿ, ಸ್ಕ್ರೂಗಳನ್ನು ನನ್ನ ಕೈಯಲ್ಲಿ ಬಿಚ್ಚಲಾಗದಷ್ಟು ಬಿಗಿಯಾಗಿ ಬಿಗಿದಳು.

(ಭಾನುವಾರ ಏನಾಯಿತು ಎಂದು ಕೇಳುವಿರಾದರೆ, ಕಾರಿನ ಮೂತಿಯಷ್ಟು ಅಂತರದಲ್ಲಿ ಕವನಾಳನ್ನು ಹಿಂದೆ ಹಾಕಿದಳು. ಅದು ಅವಳ ಕಥೆ. ಇದು ನನ್ನ ಗೋಳು.)

ಶನಿವಾರ ಊರಿಗೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಕಿಟಕಿಯ ಕಡೆ ಡಬ್ಬ, ನಡುವೆ ನಾನು, ಈಚೆ ಬದಿಯ ಸೀಟಿನಲ್ಲಿ ತಾಯಿ ಮಗಳು. ಕಂಡಕ್ಟರ್ ಬಂದ. ಇಬ್ಬರ ಆಧಾರ್ ನೋಡಿ ಎರಡು ಸೊನ್ನೆ ಟಿಕೆಟ್ ಹರಿದ. ಡಬ್ಬವನ್ನು ಒಂದು ಕೈಯಲ್ಲಿ ಅಲುಗಿಸಿ ನೋಡಿದ.

"ಇದೇನ್ ಲಗೇಜ್ ತೂಕಕ್ಕೆ ಬರಲ್ಲ, ಬುಡಿ. ದುಡ್ಡು ನಿಮಗೊಬ್ರಿಗೇ ಸಾ."

ಕೊಟ್ಟೆ.

"ಇನ್ನ ಎದ್ದೇಳಿ ಸಾ. ಅದು ಹೆಂಗಸ್ರ ಸೀಟು. ಆ ಅಜ್ಜಿ ನಿಂತವ್ರೆ, ಕೂತ್ಕಳ್ಳಿ."

"ಮತ್ತೆ ಈ ಡಬ್ಬ?" ಎಂದೆ, ಕೆರಳಿ.

ಕಂಡಕ್ಟರ್ ಜಿನಶ್ರೀಯ ಕಡೆ ನೋಡಿದ. "ನಿಂದೇನಮ್ಮ?"

"ಹೂಂ, ನಂದೇ" ಎಂದಳು ಮಗಳು.

"ಅದ್ ಕೂತಿರ್ಲಿ ಬುಡಿ" ಎಂದು ಮುಂದಕ್ಕೆ ಹೋದ.

ಇಡೀ ಬಸ್ಸಿನ ಆ ಅರ್ಧದಲ್ಲಿ ದುಡ್ಡು ಕೊಟ್ಟ ಏಕೈಕ ಪ್ರಾಣಿಯಾದ ನಾನು ಕಂಬಿ ಹಿಡಿದು ಜೋಲಾಡುತ್ತ ಚನ್ನರಾಯಪಟ್ಟಣದವರೆಗೆ ನಿಂತು ಬಂದೆ. ತಗಡಿನ ಡಬ್ಬ ಕಿಟಕಿ ಪಕ್ಕ ಕೂತು, ಗಾಳಿ ಕುಡಿಯುತ್ತ ಬಂತು.