ಬಿತ್ತುವ ಮೊದಲೇ ಮೊಳೆತ ಬೀಜಗಳು

ಕಾಯುವುದರಲ್ಲಿ ನನಗಿರುವಷ್ಟು ಪರಿಣತಿ ಬೇರೆ ಯಾವುದರಲ್ಲೂ ಇಲ್ಲ. ಧಾರವಾಡದಲ್ಲಿ ಬೀಜಗಳು ಮೊಳೆಯುವುದನ್ನೇ ನೋಡುತ್ತ ಕುಳಿತು ಡಾಕ್ಟರೇಟ್ ಪಡೆದವಳು ನಾನು. ಕಂಪ್ಯೂಟರ್ ಬಲ್ಲವರಿಗೆಂದು ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದ ನನ್ನ ಗಂಡ ಸುಧೀಂದ್ರ ದಿನಾ ಬೆಳಿಗ್ಗೆ ಕಾರಿನಲ್ಲಿ ವಾಲ್‌ಡಾರ್ಫ್‌ನ ಸಾಫ್ಟ್‌ವೇರ್ ಕಂಪನಿಗೆ ಹೋದರೆ, ನಾನು ಹೈಡೆಲ್‌ಬರ್ಗ್‌ನ ಮನೆಯಲ್ಲಿ ಕೆಲಸದ ಪರವಾನಗಿಗಾಗಿ ಕಾಯುತ್ತಿದ್ದೆ. ನನ್ನ ‘ಡಾಕ್ಟರ್’ ಪದವಿ ಕರೆಗಂಟೆಯ ಪಕ್ಕದ ಹೆಸರಿನಲ್ಲಷ್ಟೇ ಉಳಿದಿತ್ತು. ಅದನ್ನು ನಂಬಿ ಮೇಲಿನ ಮನೆಯ ಅಜ್ಜಿ ಒಮ್ಮೆ ಊದಿದ ಮೊಣಕಾಲು ತೋರಿಸಲು ಬಂದಿದ್ದರು. ಊದಿದ್ದು ಬಟಾಣಿಯಾಗಿದ್ದರೆ ಏನಾದರೂ ಹೇಳಬಹುದಿತ್ತು.

ಪರವಾನಗಿ ಬರುವ ಹೊತ್ತಿಗೆ ಒಂದು ಸಂಶೋಧನಾಲಯದ ಜಾಹೀರಾತು ಕಂಡಿತು: ಬೀಜ ಬಲ್ಲವರು ಬೇಕು, ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಕೂಡ ಬರಬೇಕು. ಗ್ರಂಥಾಲಯದಿಂದ ಇಟ್ಟಿಗೆಯಂಥ ಪುಸ್ತಕ ತಂದು ಕಲಿಯಲು ಕುಳಿತೆ. ಈ ಭಾಷೆಯಲ್ಲಿ ನಾವು ಬರೆದದ್ದನ್ನು ಕಂಪೈಲರ್ ಮೊದಲು ಪೂರ್ತಿ ಓದುತ್ತದೆ. ಒಪ್ಪಿದರೆ ಮಾತ್ರ ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡಿಕೊಡುತ್ತದೆ. ನಮ್ಮ ಹಳೆಯ ಯಂತ್ರದಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಆ ಹೊತ್ತು ನನ್ನದು. ಕಿಟಕಿಯಾಚೆ ನೆಕಾರ್ ನದಿಯಿಂದ ಮಂಜು ಏಳುತ್ತಿತ್ತು. ಮರಳು ಹೊತ್ತ ದೋಣಿಯೊಂದು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಂತೆ ತೇಲುತ್ತಿತ್ತು. ಅದರ ಜೊತೆ ನಾನೂ ತೇಲಿಹೋಗಿ, ಪರದೆಯ ತುಂಬ ತಪ್ಪುಗಳು ಬಂದು ನಿಂತಿದ್ದರೂ ಗಮನಿಸುತ್ತಿರಲಿಲ್ಲ. ಗಮನಿಸಿದಾಗ, ಪ್ರಯೋಗಾಲಯದ ರೂಢಿಯಂತೆ, ಏನನ್ನೂ ಬದಲಿಸದೆ ಮೂರು ಸಲ ಕಂಪೈಲ್ ಮಾಡುತ್ತಿದ್ದೆ.

“ಮೂರು ಸಲ ಯಾಕ ಮಾಡ್ಲಿಕ್ಹತ್ತೀ, ವಿಜೂ?” ಎಂದು ಸುಧೀಂದ್ರ ಕೇಳಿದರು.

“ಒಂದು ಸಲದ್ದು ನಂಬೂದು ಹೆಂಗ್ರೀ?”

“ಅದು ಬೀಜ ಅಲ್ಲ. ನಾಳೆ ನೋಡಿದರೂ ಅದ ತಪ್ಪು ಇರತದ.”

ಸಂದರ್ಶನದ ದಿನ ಆ ಸಂಶೋಧನಾಲಯದ ಪ್ರೊಫೆಸರ್ ಮೇಡಂ ಎದುರು ನನ್ನ ಪ್ರೋಗ್ರಾಮ್ ಓಡಿಸಿದೆ. ಬಿತ್ತಿದ ದಿನ, ಮೊಳೆತ ದಿನ ಕೊಟ್ಟರೆ ನಡುವೆ ಎಷ್ಟು ದಿನವೆಂದು ಅದು ಹೇಳಬೇಕು. ಮೈನಸ್ ಆರು ಎಂದಿತು.

“ನಮ್ಮಲ್ಲಿ ಯಾವುದೂ ಇಷ್ಟು ಬೇಗ ಆಗುವುದಿಲ್ಲ,” ಎಂದರು ಅವರು ಇಂಗ್ಲಿಷಿನಲ್ಲಿ, ನಗದೆ.

ಮೈನಸ್ ಗುರುತು ಕಾಣದಂತೆ ಮಾಡಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಏಕೆ ಹೀಗಾಯಿತೆಂದು ತಿಳಿಯದೆ ಮುಚ್ಚಿಡಲು ಕೈ ಬರಲಿಲ್ಲ. ಸ್ವಲ್ಪ ಸಮಯ ಕೇಳಿ, ಎದುರಿಗೆ ಕುಳಿತವರನ್ನೇ ಮರೆತು ಸಾಲು ಸಾಲಾಗಿ ಹುಡುಕಿದೆ. ಕಳೆಯುವ ಲೆಕ್ಕವನ್ನು ತಿರುವುಮುರುವಾಗಿ ಬರೆದಿದ್ದೆ. ತಲೆಯೆತ್ತಿದಾಗ ಅವರು ಎರಡನೆಯ ಕಾಫಿ ಕುಡಿಯುತ್ತಿದ್ದರು. “ಸೋಮವಾರದಿಂದ ಬನ್ನಿ,” ಎಂದರು.

ಸೋಮವಾರ ಸಂಜೆ ಸುಧೀಂದ್ರ ವಿಚಾರಿಸಿದರು: “ಮೊದಲನೇ ದಿನ ಏನೇನು ಮಾಡಿದಿ?”

“ಒಂದು ಸಾಲು ಬದಲಿಸಿದೆ.”

“ಆಮ್ಯಾಲೆ?”

“ಅದು ಖರೇನ ಸರಿ ಅದನೋ ಇಲ್ಲೋ ಅಂತ ವಿಚಾರ ಮಾಡಿದೆ.”

ದಿನಕ್ಕೆ ನೂರಾರು ಸಾಲು ಬರೆಯುವವರು, ನನಗೆ ಇನ್ನೊಂದು ಲೋಟ ಚಹಾ ಸೋಸಿಕೊಟ್ಟರು. ಸಂಜೆ ಹೊರಡುವ ಮುನ್ನ ಆ ಸಾಲನ್ನು ಮೊದಲಿದ್ದ ಹಾಗೆಯೇ ಮಾಡಿಟ್ಟು ಬಂದೆನೆಂದು ನಾನು ಹೇಳಲು ಹೋಗಲಿಲ್ಲ.